ಬೆಳ್ಳಿಹಂಸದ ಪ್ಯಾಕು

ಗೋಡೆಯ ಪಕ್ಕ ಹೊಲಿಗೆ ಯಂತ್ರ ಇರಲಿಲ್ಲ. ತಂಗಿಯ ಹೆರಿಗೆ ಮುಗಿಸಿಕೊಂಡು ಆಗಷ್ಟೇ ಬಂದವಳು ಬ್ಯಾಗು ಕೆಳಗಿಡದೆ ಗಂಡನತ್ತ ತಿರುಗಿದಳು.

"ಅಮ್ಮನ ಮಿಷನ್ ಎಲ್ಲಿ ರೀ?"

"ಹಳೇ ಸಾಮಾನಿನ ಅಂಗಡಿಯವನಿಗೆ ಕೊಟ್ಟೆ. ಕೂಗಾಡ್ಬೇಡ, ಮೊದಲು ಇದನ್ನ ನೋಡು." ಗಾಜಿನ ಕಪಾಟಿನಿಂದ ಒಂದು ಸಿಗರೇಟ್ ಪ್ಯಾಕನ್ನು ಹಸುಗೂಸಿನಂತೆ ಎತ್ತಿ ತಂದ. ಜನ್ಮದಲ್ಲಿ ಒಂದು ಸಿಗರೇಟು ಸೇದದಿದ್ದರೂ ಹಳೆಯ ಪ್ಯಾಕುಗಳೆಂದರೆ ಅವನಿಗೆ ಪ್ರಾಣ. "ಅದಕ್ಕೆ ಬದಲು ಇದು. ಅಜ್ಜನ ಕಾಲದ್ದು, ಇನ್ನೂ ಸೀಲೇ ಒಡೆದಿಲ್ಲ ಕಣೇ! ಒಡೆದ್ರೆ ಬರೀ ರಟ್ಟು."

ಪ್ಯಾಕಿನ ಮೇಲೆ ಕಡುನೀಲಿ ನೀರಿನ ಚಿತ್ರ, ನೀರಿನ ಮೇಲೆ ಬೆಳ್ಳಿಹಂಸ. ಅದರ ಕತ್ತೇ ಬಳುಕಿ ಸಿಗರೇಟಿನ ಹೆಸರಿನ ಮೊದಲಕ್ಷರವಾಗಿತ್ತು. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಆ ಯಂತ್ರ ತುಳಿದು ತುಳಿದೇ ಅವಳ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದಳು.

ಮರುದಿನ ಅಂಗಡಿಗೆ ಓಡಿದಳು.

"ತಡ ಆಯ್ತಲ್ಲಕ್ಕಾ," ಎಂದ ಅಂಗಡಿಯವನು. "ಮಿಷನ್ ಕಾಲು ಹೋಟೆಲಿನವರ ಮೇಜಿಗೆ ಹೋಯ್ತು. ತಲೆ ಗುಜರಿಗೆ."

ಮನೆಗೆ ಬಂದವಳು ಎಂದಿನಂತೆ ಅಡುಗೆಗೆ ನಿಂತಳು. ಕೋಪ ಇಳಿಯಿತೆಂದುಕೊಂಡ ಗಂಡ, ಭಾನುವಾರ ಹೊಸ ಪ್ಯಾಕು ತೋರಿಸಲು ಕಚೇರಿಯವರನ್ನು ಚಹಾಕ್ಕೆ ಕರೆದ. ಅವನು ಹಳೆಯ ಸಂಗ್ರಹವನ್ನೆಲ್ಲ ಮೇಜಿನ ಮೇಲೆ ಹರಡಿ, "ಇದೇನು ಮಹಾ, ಕೊನೇದು ನೋಡಿ ಆಮೇಲೆ ಹೇಳಿ," ಎನ್ನುತ್ತಿದ್ದಾಗ ಅವಳು ತಟ್ಟೆ ಹಿಡಿದು ಬಂದಳು. ಚಹಾದ ಲೋಟಗಳ ಪಕ್ಕದಲ್ಲಿ ಸಾಲಾಗಿ ಸಿಗರೇಟುಗಳು.

"ತಗೊಳ್ಳಿ ಅಣ್ಣಾ. ನಿಮಗೋಸ್ಕರಾನೇ ತೆಗೆದಿದ್ದು."

ಹೆಡ್ ಗುಮಾಸ್ತರು ಒಂದನ್ನು ಹಚ್ಚಿ ಕೆಮ್ಮಿದರು. "ಏನಯ್ಯಾ, ಒಣಹುಲ್ಲು ಸೇದಿದ ಹಾಗಿದೆ! ಯಾವ ಬ್ರಾಂಡು?"

ಗಂಡ ಆಗ ನೋಡಿದ. ಪ್ರತಿ ಸಿಗರೇಟಿನ ತುದಿಯಲ್ಲೂ ಒಂದೊಂದು ಪುಟ್ಟ ಹಂಸ. ಅವನ ಮುಖ ಸುಣ್ಣದಂತಾಯಿತು.

"ಹೇಳ್ರಿ, ಕೇಳ್ತಿದ್ದಾರಲ್ಲ," ಎಂದಳು ಅವಳು. "ಯಾವುದು, ಎಲ್ಲಿಂದ ಬಂತು, ಏನು ಕೊಟ್ಟು ತಂದಿದ್ದು, ಎಲ್ಲಾ ಹೇಳಿ."

ಅವನು ಮೇಜಿನ ಮೇಲಿದ್ದ ಹಳೆಯ ಪ್ಯಾಕುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ. ಪ್ಯಾಕಿನ ಮಾತೆತ್ತಿದರೆ ಮಿಷನ್ನಿನ ಮಾತೂ ಬರುತ್ತಿತ್ತು.

"ಬೂದಿ ಎಲ್ಲಿ ಹಾಕ್ಲಿ ತಾಯಿ?" ಗುಮಾಸ್ತರು ಕೇಳಿದರು.

ಅವಳು ಸೆರಗಿನ ಮರೆಯಿಂದ ನೀಲಿ ರಟ್ಟನ್ನು ತೆಗೆದು ಅವರ ಮುಂದೆ ಬಿಚ್ಚಿಟ್ಟಳು. ಗುಮಾಸ್ತರು ಬೆರಳಿನಿಂದ ತಟ್ಟಿ ಬೂದಿಯನ್ನು ಅದರ ಮೇಲೆ ಉದುರಿಸಿದರು. ಇನ್ನೊಬ್ಬ ಗೆಳೆಯ ನಗುತ್ತಾ ಒಂದು ಸಿಗರೇಟನ್ನು ಗಂಡನ ತುಟಿಗಿಟ್ಟು ಕಡ್ಡಿ ಗೀರಿದ. "ನೀನೂ ಒಂದು ಎಳಿಯಯ್ಯಾ, ಏನಾಗಲ್ಲ."

ಅವನು ಎಳೆದ. ಕೆಮ್ಮು ಒತ್ತರಿಸಿ ಕಣ್ಣಲ್ಲಿ ನೀರು ಬಂತು. ಎಲ್ಲರೂ ನಕ್ಕರು.

ಅವಳು ಹೋಗಿ ಕಿಟಕಿ ತೆರೆದಳು. ಹೊಗೆ ಎದುರುಮನೆಯ ಒದ್ದೆ ಬಟ್ಟೆಗಳ ನಡುವೆ ನಿಧಾನವಾಗಿ ತೂರಿಹೋಯಿತು.