ಕಪ್ಪು ನೆಲದ ಕೆಂಪು ಉಂಗುರ

ತೋಟದ ಕೂಲಿಯಾಳು ದೊಡ್ಡಿಯ ಪಾತ್ರೆಪಡಗ ಆಗಲೇ ಜೀಪು ಏರಿತ್ತು. ತಿತಿಮತಿಯ ಆ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲೇ ಹುಟ್ಟಿ ಬೆಳೆದವಳನ್ನು ಮಗಳು ಚಿನ್ನಿಯ ಸಮೇತ ಹೊರಹಾಕಲು ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿ ಛತ್ರಿ ಊರಿಕೊಂಡು ನಿಂತಿದ್ದ. ಚಿನ್ನಿಯ ಮೇಲಿದ್ದ ಆರೋಪ ಒಂದೇ: ಮೊನ್ನೆ ಸಂಜೆ ಓದುಕೋಣೆಯಲ್ಲಿ ಕಪ್ಪುಕಾಫಿ ಕಾಯಿಸಿದ ಒಲೆ ಆರಿಸದೆ ಹೋಗಿ ಕೋಣೆಯನ್ನೇ ಸುಟ್ಟಳು.

ಆ ಮಾತು ಮೊದಲು ಎತ್ತಿದವನು ಉದಯ, ಯಮುನಳ ಚಿಕ್ಕಪ್ಪನ ಮಗ. ಕೂಲಿಯವರಿಗಾಗಿ ಓದುಕೂಟ ಕಟ್ಟಿದ್ದು ಈ ಅಕ್ಕ ತಮ್ಮ ಇಬ್ಬರೇ. ಪಾಳುಬಿದ್ದ ಒಂದು ಲೈನ್‌ಮನೆಯನ್ನು ಹಠ ಹಿಡಿದು ಕೇಳಿ ಪಡೆದರು, ಕುಶಾಲನಗರದಿಂದ ಸಿಮೆಂಟಿಗೆ ಬೆರೆಸುವ ಬ್ಲ್ಯಾಕ್ ಆಕ್ಸೈಡ್ ಪುಡಿ ತಂದು ನೆಲ ಹಾಕಿಸಿದರು. ಕೆಲಸ ಬಿಟ್ಟು ಬಂದವರು ಆ ತಣ್ಣನೆಯ ಕರಿನೆಲದ ಮೇಲೆ ಕೂತು ಕಾನೂನಿನ ಪುಸ್ತಕವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಮೂರು ತಲೆಮಾರು ದುಡಿದ ಜಾಗದಲ್ಲಿ ನಮಗೊಂದು ಸೂರು ಬರೆದುಕೊಡಿ ಎಂದು ಧಣಿಯ ಮುಖ ನೋಡಿ ಕೇಳುವ ಎದೆಗಾರಿಕೆ ಬಂದದ್ದು ಅಲ್ಲಿಂದಲೇ.

"ಹೋಗೋ ಮುಂಚೆ ಗುಡಿಸಿಟ್ಟು ಹೋಗ್ತೀನಿ ಅಕ್ಕ," ಎಂದು ಚಿನ್ನಿ ಸುಟ್ಟ ಕೋಣೆಯ ಬೂದಿ ಬಳಿದು ನೀರು ಹೊಯ್ಯುತ್ತಿದ್ದಳು. ಯಮುನಳಿಗೆ ಅವಳ ಮುಖ ನೋಡಲಾಗಲಿಲ್ಲ.

"ಅಕ್ಕ, ಇಲ್ನೋಡಿ. ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ."

ಕೋಣೆಯ ನಟ್ಟನಡುವೆ ನೆಲ ಕೆಂಪಾಗಿತ್ತು. ದೊಡ್ಡ ಉಂಗುರದ ಹಾಗೆ. ಹೊರ ಅಂಚು ಕಂದು, ಒಳಗೆ ಇಟ್ಟಿಗೆಗೆಂಪು, ನಡುವೆ ಮತ್ತೆ ಕಪ್ಪು.

ಯಮುನ ಗೋಣಿಕೊಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ನೆಲದ ಕಪ್ಪು ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಚೆನ್ನಾಗಿ ಕಾದರೆ ಅದು ಗಾಳಿಯಿಂದ ಇನ್ನಷ್ಟು ಆಮ್ಲಜನಕ ಹೀರಿ ಕಂದು ಮ್ಯಾಗ್ಹಮೈಟ್ ಆಗುತ್ತದೆ. ಇನ್ನೂ ಕಾದರೆ ಕೆಂಪು ಹೆಮಟೈಟ್. ತಣ್ಣಗಾದ ಮೇಲೂ ಕೆಂಪು ಕೆಂಪೇ. ಅಂದರೆ ಬೆಂಕಿ ಹೆಚ್ಚು ಹೊತ್ತು ಕೂತದ್ದು ಇಲ್ಲಿ. ಒತ್ತಾಗಿ ಒಟ್ಟಿದ ರಾಶಿ ನಡುವಿನ ನೆಲವನ್ನು ಕಾಪಾಡಿದೆ, ಅಂಚು ಉರಿದಿದೆ.

ಮೂಲೆಯ ಒಲೆಯ ಸುತ್ತ ನೆಲ ಕಪ್ಪಗೆ ಹಾಗೇ ಇತ್ತು. ಪುಸ್ತಕದ ಕಬ್ಬಿಣದ ರ‍್ಯಾಕ್ ಖಾಲಿಯಾಗಿ ಗೋಡೆಗೆ ಒರಗಿ ನಿಂತಿತ್ತು, ಹಸಿರು ಬಣ್ಣ ಕೂಡ ಸುಲಿಯದೆ.

ಯಾರೋ ಪುಸ್ತಕಗಳನ್ನೆಲ್ಲ ಇಳಿಸಿ, ಕೋಣೆಯ ನಡುವೆ ಒಟ್ಟಿ, ಕಡ್ಡಿ ಗೀರಿದ್ದಾರೆ. ಅಂದು ಬೆಂಕಿ ಕಂಡು ಓಡಿಬಂದ ಜನ ಬೀಗ ಒಡೆದೇ ಒಳಗೆ ನುಗ್ಗಿದ್ದು, ಕಿಟಕಿಗೆ ಸರಳುಗಳಿವೆ. ಬೀಗದ ಕೈ ಇದ್ದದ್ದು ಎರಡೇ. ಒಂದನ್ನು ಚಿನ್ನಿ ಆ ಸಂಜೆ ಯಮುನಳ ಕೈಗೇ ಕೊಟ್ಟಿದ್ದಳು. ಇನ್ನೊಂದು...

ಯಮುನ ಹೊರಗೆ ಇಣುಕಿ ಕರೆದಳು.

"ಉದಯ, ಬಾ ಇಲ್ಲಿ."

ಅವನು ಬಂದ. ನೆಲ ನೋಡಿದ. ನಕ್ಕ. "ಎಂತಕ್ಕ, ಕಾಲೇಜಿನ ಪಾಠ ಇಲ್ಲಿಗೂ ತಂದ್ಯಾ?"

"ಪುಸ್ತಕ ತಾವಾಗೇ ರ‍್ಯಾಕಿನಿಂದ ಇಳಿದು ಬಂದು ನಡುವೆ ಕೂತ್ಕೊಂಡ್ವಾ?"

ಅವನ ನಗು ನಿಂತಿತು. ಚಿನ್ನಿಯತ್ತ ಓರೆಗಣ್ಣಲ್ಲಿ ನೋಡಿ ದನಿ ತಗ್ಗಿಸಿದ. "ಮೆಲ್ಲ ಮಾತಾಡು ಮಾರಾಯ್ತಿ. ಯಾರಿಗೂ ಏನೂ ಆಗಿಲ್ಲ ಅಲ್ವಾ? ಧಣಿ ಇಲ್ಲಿ ಪ್ರವಾಸಿಗರಿಗೆ ಹೋಂಸ್ಟೇ ಮಾಡ್ತಾರೆ, ನೋಡ್ಕೊಳ್ಳೋಕೆ ನನ್ನ ಕರ್ದಿದ್ದಾರೆ. ಇವರ ಹಿಂದೆ ಕರಪತ್ರ ಹಂಚ್ಕೊಂಡು ಎಷ್ಟು ವರ್ಷ ತಿರ್ಗೋದು?"

"ಅದಕ್ಕೆ ಈ ಹುಡುಗಿ ತಲೆ ಮೇಲೆ ಹಾಕಿದ್ಯಾ?"

"ಇವರಿಗೇನು, ಇನ್ನೊಂದು ಎಸ್ಟೇಟ್ ಸಿಗುತ್ತೆ."

ಸಮಾನತೆಯ ಬಗ್ಗೆ ಮಾತಾಡುತ್ತ ಮೊದಲ ಸಲ ಇದೇ ನೆಲದ ಮೇಲೆ ಅತ್ತವನು ಇವನೇ. ಅವನನ್ನು ನೋಡಿ ತಾನೂ ಅತ್ತಿದ್ದಳು. ಆ ಅಳುವನ್ನೂ ಯಾರೋ ತನ್ನಿಂದ ಕಸಿದ ಹಾಗಾಯಿತು ಯಮುನಳಿಗೆ.

ಅವಳು ಬಾಗಿಲಿಗೆ ಹೋಗಿ ಕೂಗಿದಳು. ಲೈನಿನವರೆಲ್ಲ ಬಂದರು. ರೈಟರನ ಎದುರೇ ರ‍್ಯಾಕು, ಒಲೆ, ಉಂಗುರ, ಬೀಗದ ಕೈ, ಒಂದೊಂದನ್ನೂ ಬಿಡಿಸಿ ಹೇಳಿದಳು. ಕೊನೆಗೆ ಉಳಿದದ್ದು ಉದಯನ ಹೆಸರು. ಆದರೂ ಹೇಳಿದಳು.

"ನೆಲದ ಬಣ್ಣ ಸಾಕ್ಷಿ ಆಗ್ತದಾ ಮೇಡಂ?" ಸಣ್ಣಸ್ವಾಮಿ ಹಲ್ಲು ಕಿರಿದ.

ದೊಡ್ಡಿ ಅವನನ್ನು ದಾಟಿ ನಡೆದಳು. ಜೀಪು ಹತ್ತಿ ತನ್ನ ಗಂಟುಗಳನ್ನು ಒಂದೊಂದಾಗಿ ಕೆಳಗೆ ಎಸೆದಳು. ಹೆಂಗಸರು ಕೈಚಾಚಿ ಹಿಡಿದುಕೊಂಡರು.

ಉದಯ ಯಮುನಳ ತೋಳು ಹಿಡಿದ. "ಅಕ್ಕ, ನಾನು ನಿನ್ನ ತಮ್ಮ."

"ಸ್ಟೇಷನ್ನಿನಲ್ಲಿ ಅದನ್ನೂ ಹೇಳ್ತೀನಿ," ಎಂದಳು ಯಮುನ.