ದೊಡ್ಡ ಡಾಕ್ಟರಿಗೆ ಮೂವತ್ತನಾಲ್ಕು

ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಆರು ಜನರ ನಿರ್ಧಾರಶಕ್ತಿಯನ್ನು ಇನ್ನು ಮುಂದೆ ಕಂಪ್ಯೂಟರಿನ ಆಟವೊಂದರಿಂದ ಅಳೆಯಬೇಕು ಎಂದು ಆಸ್ಪತ್ರೆಯವರು ತೀರ್ಮಾನಿಸಿದಾಗ ಮೊದಲು ಮೂಗು ಮುರಿದವರು ಆ ವಿಭಾಗದ ಮುಖ್ಯಸ್ಥರೇ. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಮೂವತ್ತು ವರ್ಷ ಹೊಟ್ಟೆ ಕೊಯ್ದು ಹೊಲಿದ ಕೈ ಅವರದು. ಆಟ ಆಡಿ ಡಾಕ್ಟರಾಗುವುದಾದರೆ ಇಸ್ಪೀಟು ಆಡುವವರೆಲ್ಲ ಮಂತ್ರಿಗಳಾಗಬೇಕಿತ್ತು ಎಂದು ಮೀಟಿಂಗಿನಲ್ಲೇ ನಗೆಯಾಡಿದರು. ಆದರೆ ನಿಯಮವೊಂದಿತ್ತು: ಅಂಕಪಟ್ಟಿಗೆ ಸಹಿ ಹಾಕುವವರು ತಾವೂ ಒಮ್ಮೆ ಆಡಿರಬೇಕು.

ಆಟದ ಉಸ್ತುವಾರಿ ಆಪರೇಷನ್ ಥಿಯೇಟರಿನ ಸಿಸ್ಟರಿಗೆ ಬಂದಿತ್ತು. ಹದಿನೆಂಟು ವರ್ಷದಿಂದ ದೊಡ್ಡ ಡಾಕ್ಟರ ಎದುರು ನಿಂತು ಕತ್ತರಿ, ದಾರ ಕೈಗೆ ಕೊಡುತ್ತಿದ್ದವರು ಅವರೇ. ಊಟದ ಬಿಡುವಿನಲ್ಲಿ ಡಾಕ್ಟರನ್ನು ಮೂಲೆಯ ಕೋಣೆಗೆ ಕರೆದೊಯ್ದು ಪರದೆಯ ಮುಂದೆ ಕೂರಿಸಿದರು. ಅಪಘಾತದಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದ ಯುವಕನೊಬ್ಬ ಪರದೆಯ ಮೇಲೆ ಮಲಗಿದ್ದ. ಡಾಕ್ಟರು ಸರಸರನೆ ಗುಂಡಿ ಒತ್ತುತ್ತ ಹೋದರು. ಎಲ್ಲಿ ಕೊಯ್ಯಬೇಕು, ಯಾವ ನಾಳ ಕಟ್ಟಬೇಕು, ಒಂದೂ ತಪ್ಪಲಿಲ್ಲ. ಕೆಳಗಿನ ಮೂಲೆಯಲ್ಲಿ ಹಳದಿ ಅಕ್ಷರದ ಸಾಲೊಂದು ಮೂರು ಸಲ ಮಿನುಗಿತು. ಯಾವುದೋ ಜಾಹೀರಾತಿರಬೇಕು ಎಂದುಕೊಂಡು ಅವರು ಅತ್ತ ಕಣ್ಣು ಹಾಯಿಸಲಿಲ್ಲ. ಹದಿನಾಲ್ಕನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ರೋಗಿ ಉಳಿಯಲಿಲ್ಲ. ನೂರಕ್ಕೆ ಮೂವತ್ತನಾಲ್ಕು.

ದೊಡ್ಡ ಡಾಕ್ಟರು ಯಂತ್ರವೇ ಕೆಟ್ಟಿದೆ ಎಂದರು. ಸಿಸ್ಟರು ಆ ಹಳದಿ ಸಾಲನ್ನು ಮತ್ತೆ ತೋರಿಸಿದರು. ರಕ್ತದೊತ್ತಡ ಕುಸಿಯುತ್ತಿದೆ, ಎರಡು ನಿಮಿಷ ರಕ್ತ ಸೋರುವಲ್ಲಿ ಒತ್ತಿ ಹಿಡಿದು ಕೊಯ್ಯುವುದನ್ನು ನಿಲ್ಲಿಸಿ, ರಕ್ತ ಏರಿಸಿಕೊಳ್ಳುತ್ತೇನೆ ಎಂದು ಆಟದೊಳಗಿನ ಅರಿವಳಿಕೆ ಡಾಕ್ಟರು ಗೋಗರೆದಿದ್ದರು.

"ನಿಜವಾದ ಆಪರೇಷನ್ನಲ್ಲಿ ಹೀಗೆ ಯಾವತ್ತೂ ಆಗಿಲ್ಲವಲ್ಲ?" ಎಂದರು ಡಾಕ್ಟರು.

"ಆಗಿಲ್ಲ ಸರ್. ಅಲ್ಲೂ ಅರಿವಳಿಕೆ ಡಾಕ್ಟರು ಹೇಳಿದ್ದು ನಿಮ್ಮ ಕಿವಿಗೆ ಬೀಳೋದೇ ಇಲ್ಲ. ಆಗ ನಾನು ಕತ್ತರಿ ಕೊಡೋ ಬದಲು ಬಟ್ಟೆಯ ಉಂಡೆ ಕೈಗಿಡ್ತೀನಿ. ನೀವು ಒತ್ತಿ ಹಿಡೀತೀರಿ. ಈ ಆಟದಲ್ಲಿ ನಾನಿರಲಿಲ್ಲ."

ದೊಡ್ಡ ಡಾಕ್ಟರಿಗೆ ಒಂದು ಬಗೆಯ ನಾಚಿಕೆ, ಅದರ ಹಿಂದೆಯೇ ನಗು. ತನ್ನವೆಂದು ಬೀಗಿದ ಎಷ್ಟೋ ಒಳ್ಳೆಯ ನಿರ್ಧಾರಗಳಲ್ಲಿ ಅರ್ಧ ಈ ಹೆಂಗಸಿನವು, ಅದೂ ಒಂದು ಮಾತಿಲ್ಲದೆ. ಎಲ್ಲರಿಗಿಂತ ಹೆಚ್ಚು ಅಂಕ ಯಾರಿಗೆ ಬಂದಿದೆ ಎಂದು ಕೇಳಿದರು. ತೊಂಬತ್ತೊಂದು, ಪಿಸುಮಾತಿಗೆ ಎಂದರು ಸಿಸ್ಟರು.

ಪಿಸುಮಾತು ಎಂಬುದು ಆ ಆರು ಜನರಲ್ಲಿ ಮೂರನೇ ವರ್ಷದ ಹುಡುಗಿಗೆ ಜೊತೆಯವರು ಇಟ್ಟ ಅಡ್ಡಹೆಸರು. ಪಕ್ಕದಲ್ಲಿದ್ದವರಿಗೂ ಕೇಳದಷ್ಟು ಮೆಲ್ಲಗೆ ಮಾತಾಡುವವಳು. ಹೋದ ತಿಂಗಳಷ್ಟೇ ಅವಳ ವರದಿಯಲ್ಲಿ ದೊಡ್ಡ ಡಾಕ್ಟರು 'ನಿರ್ಧಾರದಲ್ಲಿ ನಿಧಾನ, ಸ್ವತಂತ್ರವಾಗಿ ಆಪರೇಷನ್ ಮಾಡಲು ಇನ್ನೂ ತಯಾರಿಲ್ಲ' ಎಂದು ಗೀಚಿದ್ದರು. ಅವಳು ಆಡಿದ ಆಟವನ್ನು ಸಿಸ್ಟರು ಮತ್ತೆ ಓಡಿಸಿ ತೋರಿಸಿದರು. ಅವಳು ಹೆಜ್ಜೆಹೆಜ್ಜೆಗೂ ಯಾರನ್ನಾದರೂ ಏನಾದರೂ ಕೇಳುತ್ತಿದ್ದಳು. ಹಳದಿ ಸಾಲು ಮಿನುಗಿದೊಡನೆ ಕೈ ನಿಲ್ಲಿಸಿದ್ದಳು. ನಿಧಾನವೆಂದು ತಾನು ಬರೆದದ್ದು ಇದನ್ನೇ ಎಂದು ಡಾಕ್ಟರಿಗೆ ಹೊಳೆಯಿತು.

ಮರುದಿನ ಬೆಳಿಗ್ಗೆ ಥಿಯೇಟರಿನಲ್ಲಿ ಹರ್ನಿಯಾದ ರೋಗಿಯೊಬ್ಬರು ಮಲಗಿದ್ದರು. ಬಸ್ ಓಡಿಸುವವರು, ಭಾರಿ ಆಳು. ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ದೊಡ್ಡ ಡಾಕ್ಟರು ಕೈ ತೊಳೆಯಲು ಹೊರಟವರು ಬಾಗಿಲಲ್ಲೇ ತಿರುಗಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವರ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಅರಿವಳಿಕೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಎಲ್ಲರೂ ಮುಖಮುಖ ನೋಡಿಕೊಂಡರು. ಆಮೇಲೆ ಮೂಲೆಯಿಂದ ಏನೋ ಸಣ್ಣಗೆ ಕೇಳಿಸಿತು.

"ಸ್ವಲ್ಪ ಜೋರಾಗಿ ಹೇಳಮ್ಮ," ಎಂದರು ಡಾಕ್ಟರು.

"ಸರ್, ಇವರ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಿದೆ. ಬೆಳಿಗ್ಗೆ ಒತ್ತಿದಾಗ ನೋವು ಅಂದ್ರು. ಡ್ಯೂಟಿ ಡಾಕ್ಟರಿಗೆ ಹೇಳಿದೆ, ಪರವಾಗಿಲ್ಲ ಅಂದ್ರು. ನನಗ್ಯಾಕೋ ಸಮಾಧಾನ ಇಲ್ಲ."

ದೊಡ್ಡ ಡಾಕ್ಟರು ಹೊದಿಕೆ ಸರಿಸಿ ಎರಡೂ ಕಾಲನ್ನು ಮುಟ್ಟಿ ನೋಡಿದರು. ಅವಳು ಹೇಳಿದ್ದು ಸರಿಯಿತ್ತು. ಆಪರೇಷನ್ ನಿಲ್ಲಿಸಿ ಸ್ಕ್ಯಾನ್ ಮಾಡಿಸಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿತ್ತು. ಹಾಗೆಯೇ ಆಪರೇಷನ್ ಮಾಡಿದ್ದರೆ ಅದು ಎದೆಗೆ ಏರುವ ಅಪಾಯವಿತ್ತು. ಮೂರು ತಿಂಗಳು ಮಾತ್ರೆ, ಆಮೇಲೆ ಹರ್ನಿಯಾ ಎಂದು ರೋಗಿಗೆ ಬಿಡಿಸಿ ಹೇಳಿದರು. ಬಸ್ಸಿನವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ಅದೆಲ್ಲ ಸರಿ ಡಾಕ್ಟ್ರೇ, ನಿನ್ನೆ ರಾತ್ರಿಯಿಂದ ಹೊಟ್ಟೆಗೇನೂ ಬಿದ್ದಿಲ್ಲ. ಈಗ ಊಟ ಮಾಡಬಹುದಲ್ಲ?"

ಎರಡು ತಟ್ಟೆ ಊಟ ತರಿಸಿಕೊಟ್ಟರು. ಎರಡೂ ಖಾಲಿಯಾದವು.

ಆ ಮಧ್ಯಾಹ್ನವೇ ದೊಡ್ಡ ಡಾಕ್ಟರು ಪಿಸುಮಾತಿನ ವರದಿಯನ್ನು ತರಿಸಿ ಹಳೆಯ ಸಾಲಿಗೆ ಗೀಟೆಳೆದರು. ಹೊಸದಾಗಿ ಏನು ಬರೆಯಬೇಕೆಂದು ಬಹಳ ಹೊತ್ತು ಪೆನ್ನು ಕಚ್ಚುತ್ತ ಕೂತರು. ಕೊನೆಗೆ 'ಕೇಳುತ್ತಾಳೆ, ನೋಡುತ್ತಾಳೆ, ಆಮೇಲೆ ಕೊಯ್ಯುತ್ತಾಳೆ' ಎಂದು ಬರೆದು ಸಹಿ ಹಾಕಿದರು. ಕಚೇರಿಯವರು ಇದು ನಮೂನೆಗೆ ಸರಿಹೊಂದುವುದಿಲ್ಲ ಎಂದು ವಾಪಸ್ ಕಳಿಸಿದರು. ಡಾಕ್ಟರು ಒಂದಕ್ಷರವೂ ಬದಲಿಸದೆ ಮರಳಿಸಿದರು.

ಮೂರು ತಿಂಗಳಾದ ಮೇಲೆ ಬಸ್ಸಿನವರು ಮತ್ತೆ ಬಂದು ಮಲಗಿದರು. ಈ ಸಲ ಚಾಕು ಹಿಡಿದವಳು ಪಿಸುಮಾತು. ಎದುರಿಗೆ ಗಾಯದ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿಯುವ ಕೆಲಸ ದೊಡ್ಡ ಡಾಕ್ಟರದು. ಕಲಿಯುವವರು ಮಾಡುವ ಆ ಕೆಲಸವನ್ನು ಅವರು ಮಾಡಿ ಯಾವ ಕಾಲವಾಗಿತ್ತೋ. ಹತ್ತು ನಿಮಿಷಕ್ಕೇ ತೋಳು ನೋಯತೊಡಗಿತು, ಗಮನ ಎತ್ತಲೋ ಹೋಯಿತು.

"ಸರ್, ಕೊಕ್ಕೆ ಜಾರ್ತಾ ಇದೆ. ಸರಿಯಾಗಿ ಹಿಡೀರಿ," ಎಂದಳು ಅವಳು.

ಅದು ಥಿಯೇಟರಿಗೆಲ್ಲ ಕೇಳಿಸಿತು. ಸಿಸ್ಟರು ದಾರ ಪೋಣಿಸುತ್ತಿದ್ದವರು ತಲೆಯೆತ್ತಲಿಲ್ಲ, ಆದರೆ ಅವರ ಭುಜ ಕುಲುಕುತ್ತಿತ್ತು. ದೊಡ್ಡ ಡಾಕ್ಟರು ಆಗಲಿ ಎಂದು ಕೊಕ್ಕೆಯನ್ನು ಬಿಗಿಯಾಗಿ ಹಿಡಿದು ನಿಂತರು.