ಬೇಡಕ್ಕನ ಶಿಫಾರಸು

ಯಾರನ್ನು ಕಂಡರೂ ಅವರ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು ‘ಬೇಡ’. ಕುಶಲ ವಿಚಾರಿಸುವುದಕ್ಕೂ ಮುಂಚೆ, ಕೆಲವೊಮ್ಮೆ ಎದುರಿನವರು ಬಾಯಿ ತೆರೆಯುವುದಕ್ಕೂ ಮುಂಚೆ ಆ ಮಾತು ಬಂದು ಬಿದ್ದಿರುತ್ತಿತ್ತು. ಹೊಸ ಅಂಗಿ ತೊಟ್ಟು ಸಂಭ್ರಮದಿಂದ ಮೆಟ್ಟಿಲಿಳಿಯುತ್ತಿದ್ದ ನನ್ನನ್ನು ನಡುವೆಯೇ ತಡೆದು, ಅಡಿಯಿಂದ ಮುಡಿಯವರೆಗೆ ನೋಡಿ, "ಬೇಡ. ಈ ಕಾಲರ್ ನಿಮ್ಮದಲ್ಲ. ನಿಮ್ಮ ಕತ್ತು ಗಿಡ್ಡ, ಅದಕ್ಕೆ ಉಸಿರಾಡೋಕೆ ಜಾಗ ಬಿಡಿ," ಎಂದು ಹೇಳಿ, ಸಿಟ್ಟಾಗುವುದಕ್ಕೂ ಪುರುಸೊತ್ತು ಕೊಡದೆ ಮೇಲಿನ ಮಹಡಿಗೆ ಹತ್ತಿಹೋದ ಹೆಂಗಸು ಅವರು. ಕಟ್ಟಡದ ಮಕ್ಕಳು ಅವರಿಗಿಟ್ಟ ಹೆಸರು ಬೇಡಕ್ಕ. ಅದು ಅವರ ಕಿವಿಗೆ ಬಿದ್ದಾಗ, "ಪರವಾಗಿಲ್ಲ, ಅಳತೆಗೆ ಸರಿಯಾಗಿ ಹೊಲಿದಿದ್ದಾರೆ," ಎಂದರಂತೆ. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಹಾಗೆಂದು ಬೇಡವೆನ್ನುವುದೇ ಅವರ ಉದ್ಯೋಗವೆಂದು ತಿಳಿಯಬಾರದು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದುದು ಶಿಫಾರಸು. ಒಂದು ವಾರಪತ್ರಿಕೆಯ ಕೊನೆಯ ಪುಟ ಅವರದು. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಮ್ಮ ತಮ್ಮ ಕೋಣೆಗಳಲ್ಲೇ ಹಾಡು ಕಟ್ಟಿ ಲೋಕಕ್ಕೆ ಬಿಡುವ ಹುಡುಗ ಹುಡುಗಿಯರ ಒಂದು ಹಾಡು, ತೊಡಬಹುದಾದ ಒಂದು ಉಡುಪು, ಬಿಡುವಿದ್ದರೆ ನೋಡಬಹುದಾದ ಒಂದು ಸಿನಿಮಾ. ಮೇಲೆ ಅಂಚೆಚೀಟಿಯಷ್ಟು ಅವರದೊಂದು ಭಾವಚಿತ್ರ, ಅದರಲ್ಲೂ ಹುಬ್ಬು ಗಂಟಿಕ್ಕಿದ್ದೇ. ‘ಚೆನ್ನಾಗಿದೆ’ ಎಂಬ ಪದವನ್ನು ಆ ಪುಟದಲ್ಲಿ ನಾನು ಒಮ್ಮೆಯೂ ಕಂಡವನಲ್ಲ. ಯಾರಾದರೂ ಅವರೆದುರು ಏನನ್ನಾದರೂ ಚೆನ್ನಾಗಿದೆ ಎಂದರೆ ಸಾಕು, "ಯಾರಿಗೆ?" ಎಂದು ತಿರುಗಿಬೀಳುತ್ತಿದ್ದರು. ಅವರ ಶಿಫಾರಸು ‘ಇಂಥವರಿಗೆ’ ಎಂದು ಶುರುವಾಗಿ ‘ಉಳಿದವರಿಗೆ ಬೇಡ’ ಎಂದು ಮುಗಿಯುತ್ತಿತ್ತು. ಒಮ್ಮೆ ಒಂದು ಹಾಡಿನ ಬಗ್ಗೆ, ಕೆಲಸ ಮುಗಿಸಿ ಬಂದು ಮನೆಯೆದುರು ಗಾಡಿ ನಿಲ್ಲಿಸಿದ ಮೇಲೂ ಒಳಗೆ ಹೋಗಲು ಮನಸ್ಸು ಬಾರದೆ ಅಲ್ಲೇ ಸ್ವಲ್ಪ ಹೊತ್ತು ಕೂರುವವರಿಗೆ, ಎಂದು ಬರೆದರು. ಆ ವಾರ ಒಬ್ಬ ಬ್ಯಾಂಕ್ ಗುಮಾಸ್ತ ವಿಳಾಸ ಹುಡುಕಿಕೊಂಡು ಬಂದು, ಏದುಸಿರು ಬಿಡುತ್ತ ಮಹಡಿ ಹತ್ತಿ, "ನಮ್ಮನೆ ವಿಷಯ ನಿಮಗ್ಯಾರು ಹೇಳಿದ್ದು?" ಎಂದು ಜಗಳಕ್ಕೇ ನಿಂತ. ಬೇಡಕ್ಕ ಅವನಿಗೆ ಚಹಾ ಕೊಟ್ಟು, "ಹಾಡು ಕೇಳಿದ್ರಾ?" ಎಂದರು. ಕೇಳಿದೆನೆಂದ. "ಆಮೇಲೆ ಒಳಗೆ ಹೋದ್ರಾ?" ಎಂದರು. ಹೋದೆನೆಂದ. "ಮತ್ತೆ ಜಗಳ ಯಾತಕ್ಕೆ?" ಎಂದು ಕೇಳಿದಾಗ ಅವನು ಲೋಟದ ಚಹಾ ಮುಗಿಸಿ ಮೆಟ್ಟಿಲಿಳಿದ.

ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಎಡಗಿವಿಯಲ್ಲಿ ಸದಾ ಇಯರ್‌ಫೋನ್, ಬಲಗಿವಿ ಬರಿದು. ಒಂದು ಕಿವಿ ಹಾಡಿಗೆ, ಇನ್ನೊಂದು ಬಸ್ಸುಗಳ ಹಾರನ್ನಿಗೆ. ಹೀಗಾಗಿ ತಲೆ ಎಡಕ್ಕೆ ವಾಲಿ, ಎದುರು ಬಂದವರಿಗೆ ಇವರು ಏನೋ ಸಂಶಯಪಡುತ್ತಿದ್ದಾರೆಂದೇ ಅನ್ನಿಸುತ್ತಿತ್ತು. ಅದೂ ಸುಳ್ಳಲ್ಲ ಬಿಡಿ. ಮೈಮೇಲೆ ಕಡುಹಸಿರು ಬಣ್ಣದ ಒಂದು ಗಂಡಸರ ಕೋಟು. ಹಳೆಬಟ್ಟೆ ಅಂಗಡಿಯಲ್ಲಿ ಕೊಂಡದ್ದು. ತೋಳುಗಳನ್ನು ಎರಡು ಮಡಿಕೆ ಮಡಿಚಿದರೂ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಅಂಥ ಕೋಟು ತಮಗೂ ಬೇಕೆಂದು ಕಾಲೇಜು ಹುಡುಗಿಯರು ಗಂಟುಬಿದ್ದರೆ, "ಬೇಡ. ಇದರ ಹಿಂದಿನ ಯಜಮಾನ ದಪ್ಪ, ನಾನು ಮೊಂಡು. ಇಬ್ಬರ ಮಧ್ಯೆ ಸಿಕ್ಕಿ ಇದು ಹೇಗೋ ಹೊಂದ್ಕೊಂಡಿದೆ. ನಿಮ್ಮ ಹತ್ರ ಬಾಳಲ್ಲ," ಎನ್ನುತ್ತಿದ್ದರು.

ಯಾವ ವಸ್ತುವನ್ನೂ ಪರೀಕ್ಷಿಸದೆ ಅವರು ಬಾಯಿ ಬಿಟ್ಟವರಲ್ಲ. ಅಂಗಡಿಯವರು ಮಾದರಿಗೆಂದು ಕಳಿಸಿದ ಬಟ್ಟೆಗಳು ಪೊಟ್ಟಣ ಬಿಚ್ಚದೆ ವಾಪಸ್ಸಾಗುತ್ತಿದ್ದವು. ತಾವೇ ಅಂಗಡಿಗೆ ಹೋಗಿ, ಬಟ್ಟೆ ಹಾಕಿ ನೋಡುವ ಕಿರುಕೋಣೆಯ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತುಬಿಡುತ್ತಿದ್ದರು. ಒಮ್ಮೆ ಅಂಗಡಿಯ ಹುಡುಗಿ ಗಾಬರಿಯಿಂದ ಬಾಗಿಲು ಬಡಿದು, "ಮೇಡಂ, ಹುಷಾರಾಗಿದ್ದೀರಾ? ಏನ್ಮಾಡ್ತಿದ್ದೀರಾ?" ಎಂದು ಕೇಳಿದಳು. "ಕೂತಿದ್ದೀನಿ." "ಕೂತಿದ್ದೀರಾ?" "ಯಾಕಮ್ಮ, ನಿಮ್ಮ ಬಟ್ಟೆ ಹಾಕ್ಕೊಂಡೋರು ಜೀವಮಾನವೆಲ್ಲ ನಿಂತೇ ಇರಬೇಕಾ?" ಹಾಡಿಗೆ ಮೂರು ಪರೀಕ್ಷೆ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವಾಗ ಕೇಳಬೇಕು, ಜನ ತುಂಬಿದ ಬಸ್ಸಿನಲ್ಲಿ ಕೇಳಬೇಕು, ಕಡೆಗೆ ಸಿಟ್ಟು ನೆತ್ತಿಗೇರಿದಾಗ ಕೇಳಬೇಕು. ಸಿಟ್ಟಿನಲ್ಲಿರುವವಳನ್ನೂ ಕೊನೆಯ ಸಾಲಿನತನಕ ಕೂರಿಸಿದ ಹಾಡಿಗೆ ಮಾನವಿದೆ ಎಂಬುದು ಅವರ ಸಿದ್ಧಾಂತ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ಹೆಂಗಸಾದ್ದರಿಂದ ಮೂರನೆಯ ಪರೀಕ್ಷೆಗೆ ಬಹಳ ಕಾಯಬೇಕಾಗುತ್ತಿರಲಿಲ್ಲ.

ಇಂಥವರ ತಂಗಿಯ ಮಗಳು ಹಾಡಲು ಶುರುಮಾಡಿದಳು. ಇಬ್ಬರು ಗೆಳೆಯರು, ಒಂದು ಗಿಟಾರು, ಗೋಡೆಗೆಲ್ಲ ಕಂಬಳಿ ನೇತುಹಾಕಿದ ಒಂದು ಕೋಣೆ. ಮೊದಲ ಹಾಡು ಸಿದ್ಧವಾದ ದಿನವೇ ಓಡಿಬಂದು ದೊಡ್ಡಮ್ಮನ ಕಿವಿಗೆ ಹಾಕಿದಳು. ಬೇಡಕ್ಕ ಪಾತ್ರೆ ತೊಳೆದು, ಕೈ ಒರೆಸಿ, ಕಡ್ಡಿ ಮುರಿದ ಹಾಗೆ ಹೇಳಿದರು: "ಬೇಡ. ಇದರಲ್ಲಿ ನೀನಿಲ್ಲ. ಯಾರದ್ದೋ ಗಂಟಲು ಬಾಡಿಗೆಗೆ ತಂದಿದ್ದೀಯ." ನಿಜಕ್ಕೂ ಆ ಹಾಡಿನಲ್ಲಿ ಹುಡುಗಿ, ಆಗ ಎಲ್ಲೆಲ್ಲೂ ಕೇಳಿಬರುತ್ತಿದ್ದ ಪಿಸುದನಿಯ ಹಾಡುಗಾರಿಕೆಯನ್ನು ಉಸಿರು ಉಸಿರಿಗೂ ಅನುಕರಿಸಿದ್ದಳು. ಹುಡುಗಿ ಅತ್ತಳು. ತಂಗಿ ಫೋನು ಮಾಡಿ, "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಕಂಡೋರ ಮಕ್ಕಳಿಗೆಲ್ಲ ಬರೀತೀಯ, ಇವಳಿಗೆ ಎರಡು ಸಾಲು ಬರೆದ್ರೆ ನಿನ್ನ ಗಂಟೇನು ಹೋಗತ್ತೆ ಅಕ್ಕ?" ಎಂದು ತರಾಟೆಗೆ ತೆಗೆದುಕೊಂಡಳು. ಬೇಡಕ್ಕ ಜಗ್ಗಲಿಲ್ಲ.

ಆದರೆ ಆ ಹುಡುಗಿ ಇದ್ದಳಲ್ಲ, ಅವಳೂ ಅದೇ ಮನೆತನದ ಮೊಂಡು. ಅತ್ತು ಮುಗಿಸಿ ಎರಡನೆಯ ಹಾಡು ತಂದಳು. ಬೇಡ. ಮೂರನೆಯದು ತಂದಳು, ನಾಲ್ಕನೆಯದು ತಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ, ದೊಡ್ಡಮ್ಮನ ಬೆನ್ನನ್ನೇ ನೋಡುತ್ತ ನಿಲ್ಲುವಳು. ಬೆನ್ನು ಒಮ್ಮೆಯೂ ತಿರುಗದೆ ಪಾತ್ರೆ ತೊಳೆಯುವ ಸದ್ದು ಹಾಗೇ ಮುಂದುವರಿದರೆ, ಹೇಳಿಸಿಕೊಳ್ಳುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಡುವಳು. ಐದನೆಯ ಹಾಡಿನಲ್ಲಿ ಏನಾಯಿತೋ! ಗೆಳತಿಯ ಚಪ್ಪಲಿ ಎರವಲು ಪಡೆದು ಕೆಲಸ ಕೇಳಲು ಹೋದ ಹುಡುಗಿಯೊಬ್ಬಳ ಹಾಡು ಅದು. ಚಪ್ಪಲಿ ಕಚ್ಚುತ್ತದೆ, ಎದುರು ಕೂತವರು ಪ್ರಶ್ನೆ ಕೇಳುತ್ತಾರೆ, ಅವಳು ನಗಬೇಕು. ಹುಡುಗಿ ಅದನ್ನು ತನ್ನ ಸ್ವಂತ ದನಿಯಲ್ಲಿ, ಮೂಗಿಗೆ ತುಸು ಹತ್ತಿರವಾದ, ಮೇಲಿನ ಸ್ವರಕ್ಕೆ ಹೋದಾಗ ಒಡೆಯುವ ದನಿಯಲ್ಲಿ ಹಾಡಿದ್ದಳು. ಬೇಡಕ್ಕನ ಕೈ ನಿಂತಿತು. ನಲ್ಲಿ ಸುಮ್ಮನೆ ಸುರಿಯಿತು. ಮರುದಿನ ಬಸ್ಸಿನಲ್ಲಿ ಕೇಳುತ್ತ ಇಳಿಯುವ ನಿಲ್ದಾಣ ದಾಟಿಹೋದರು. ಆದರೂ ಹುಡುಗಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ; ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಅಷ್ಟರಲ್ಲಿ ಜ್ವರ ಹಿಡಿದು ಮಲಗಿದರು. ಪತ್ರಿಕೆಗೆ ಫೋನು ಮಾಡಿ, ಈ ವಾರ ಪುಟವಿಲ್ಲ, ಬೇಕಿದ್ದರೆ ಜಾಹೀರಾತು ಹಾಕಿಕೊಳ್ಳಿ ಎಂದು ತಿಳಿಸಿದರು.

ಪುಟ ಬಂದಿತು. ಅವರ ಭಾವಚಿತ್ರವಿತ್ತು. ಕೆಳಗೆ, ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದ ಅಂಗಡಿಯೊಂದರ ಜಾಕೆಟ್ಟು, ಎಲ್ಲ ವಯಸ್ಸಿನವರಿಗೂ ಒಪ್ಪುವಂಥದು. ಅದರ ಕೆಳಗೆ ತಂಗಿಯ ಮಗಳ ಮೊದಲ ಹಾಡು, ಆ ಬಾಡಿಗೆ ಗಂಟಲಿನದು: ‘ಎಲ್ಲರೂ ಕೇಳಲೇಬೇಕಾದ ಹಾಡು, ಎಲ್ಲರ ಮನಗೆಲ್ಲುವ ದನಿ’. ಮಗಳು ಬದಿಗಿಟ್ಟಿದ್ದ ಆ ಹಾಡನ್ನು ತಂಗಿಯೇ ಲೋಕಕ್ಕೆ ಬಿಟ್ಟು, ಸಂಪಾದಕನಿಗೆ ಫೋನು ಮಾಡಿ ಗೋಗರೆದಿದ್ದಳು. ಸಂಪಾದಕ ಅವಳಿಗೂ ಅಂಗಡಿಯವರಿಗೂ ಉಪಕಾರ ಮಾಡಿಯೇಬಿಡೋಣವೆಂದು ತಾನೇ ಕೂತು ಬರೆದಿದ್ದ. ಬೇಡಕ್ಕನ ಪುಟವನ್ನು ವರ್ಷಗಟ್ಟಲೆ ಅಚ್ಚುಮಾಡಿದ ಪುಣ್ಯಾತ್ಮನಿಗೆ, ‘ಎಲ್ಲರೂ’ ಎಂಬ ಪದ ಅಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲವೆಂಬ ಪರಿವೆಯೇ ಇರಲಿಲ್ಲ!

ಜ್ವರದ ಮೈಯಲ್ಲೇ, ಕೋಟಿನ ಗುಂಡಿಗಳನ್ನು ಅದಲುಬದಲಾಗಿ ಹಾಕಿಕೊಂಡು ಅವರು ಪತ್ರಿಕಾಲಯಕ್ಕೆ ನುಗ್ಗಿದರು. ಸಂಪಾದಕ ನಗುತ್ತಲೇ ಎದ್ದ.

"ಮೇಡಂ, ಒಳ್ಳೇದೇ ಬರೆದಿದ್ದೀವಲ್ಲ! ಕೆಟ್ಟದ್ದು ಬರೆದಿದ್ರೆ ಬೈಯಿರಿ."

"ಯಾರಿಗೆ ಒಳ್ಳೇದು?"

"ನಿಮ್ಮ ಮನೆ ಹುಡುಗಿಗೇ! ನೋಡಿ, ಎಷ್ಟು ಜನ ಕೇಳ್ತಿದ್ದಾರೆ."

"ನಾನು ಬೇಡ ಅಂದ ಹಾಡದು. ನನ್ನ ಮುಖದ ಕೆಳಗೆ ಅದನ್ನ ಹಾಕೋಕೆ ನಿಮಗೆ ಯಾರ್ರೀ ಅಧಿಕಾರ ಕೊಟ್ಟೋರು? ಎರಡೂ ಶಿಫಾರಸು ನಂದಲ್ಲ ಅಂತ ಮುಂದಿನ ವಾರ ಅಚ್ಚು ಹಾಕಿ."

"ಅಯ್ಯೋ, ಒಂದು ಹಾಡು, ಒಂದು ಜಾಕೆಟ್ಟು. ಅದರಿಂದ ಯಾರ ಪ್ರಾಣ ಹೋಗತ್ತೆ ಮೇಡಂ?"

ಈ ಪ್ರಶ್ನೆಯನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಹಾಲಿಗೆ ಒಂದು ಲೋಟ ನೀರು ಬೆರೆಸಿದರೂ ಯಾರ ಪ್ರಾಣವೂ ಹೋಗುವುದಿಲ್ಲ. ವರ್ಷಾನುಗಟ್ಟಲೆ ನೆಂಟರ ಮುನಿಸು, ಅಂಗಡಿಯವರ ಬೈಗುಳ, ‘ಅಹಂಕಾರಿ’ ಎಂಬ ಬಿರುದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಒಬ್ಬ ಹೆಂಗಸು ತನ್ನ ಮಾತಿಗೆ ಒಂದಿಷ್ಟು ತೂಕ ಕೂಡಿಸಿಕೊಂಡಿದ್ದರೆ, ಇಸ್ತ್ರಿ ಕೆಡದ ಅಂಗಿಯ ಮನುಷ್ಯನೊಬ್ಬ ಅದನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಖರ್ಚುಮಾಡಿ, ಉಪಕಾರ ಎನ್ನುತ್ತಾನೆ! ಮನೆಗೆ ಬಂದ ಬೇಡಕ್ಕನಿಗೆ ಅಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲವಂತೆ. ಆ ಸಿಟ್ಟಿನಲ್ಲೇ ಐದನೆಯ ಹಾಡನ್ನು ಹಾಕಿದರು. ಕೊನೆಯ ಸಾಲಿನತನಕ ಕೂತರು. ಹಾಡು ಗೆದ್ದಿತು. ಬರೆಯಲು ಪೆನ್ನು ತೆಗೆದವರಿಗೆ ಹೊಳೆಯಿತು: ಇನ್ನು ಬರೆದು ಏನು ಪ್ರಯೋಜನ? ಇದನ್ನು ಯಾರು ನಂಬುತ್ತಾರೆ? ಮೊದಲು ಆ ಸುಳ್ಳನ್ನು ಅಲ್ಲಗಳೆಯಬೇಕು. ಅಲ್ಲಗಳೆದರೆ ಮನೆಯ ಹುಡುಗಿಯ ಮಾನವನ್ನೇ ಬೀದಿಗೆ ಹಾಕಿದಂತೆ. "ಹಾಗೇನಾದ್ರೂ ಬರೆದ್ಯೋ, ನನ್ನ ಹೊಸ್ತಿಲು ತುಳೀಬೇಡ," ಎಂದು ತಂಗಿ ಆಗಲೇ ಹೇಳಿಯಾಗಿತ್ತು.

ಮರುದಿನ ಹುಡುಗಿ ಬಂದಳು. ಬೇಡಕ್ಕ ಅಳುವನ್ನು ನಿರೀಕ್ಷಿಸಿದ್ದರು. ಹುಡುಗಿಯ ಕಣ್ಣಲ್ಲಿ ಕೆಂಡವಿತ್ತು.

"ಬರೀರಿ ದೊಡ್ಡಮ್ಮ. ಆ ಶಿಫಾರಸು ನಂದಲ್ಲ ಅಂತ ಬರೀರಿ."

"ನಿನ್ನ ಹೆಸರು ಕೆಡತ್ತೆ ಕಣೇ."

"ಈಗೇನು ಉಳಿದಿದೆ? ಆ ಹಾಡು ಕೇಳಿದೋರೆಲ್ಲ ಕಾರ್ಯಕ್ರಮಕ್ಕೆ ಕರೀತಿದ್ದಾರೆ. ಹೊಸದು ಹಾಡ್ತೀನಿ ಅಂದ್ರೆ ಬೇಡವಂತೆ. ಅದೇ ದನಿಯಲ್ಲಿ ಅದನ್ನೇ ಹಾಡಬೇಕಂತೆ. ನೀವು ಒಂದು ಸಲ ಹೂಂ ಅನ್ಲಿ ಅಂತ ನಾಲ್ಕು ಹಾಡು ಬಿಸಾಕಿದೆ ನಾನು. ಅಮ್ಮ ಹೋಗಿ ಆ ಹೂಂ ಅನ್ನೋದನ್ನ ಪುಕ್ಕಟೆ ತಂದುಬಿಟ್ಟಳು." ಇಷ್ಟು ಹೇಳಿ, ಅಡುಗೆಮನೆಯ ನೆಲದ ಮೇಲೆ ಕೂತಳು.

ಬೇಡಕ್ಕ ಬರೆದರು. ಸಂಪಾದಕ ‘ಜಾಗವಿಲ್ಲ’ ಎಂದ. ಮತ್ತೊಂದು ವಾರವೂ ಜಾಗವಿರಲಿಲ್ಲ. ಪುಟ ಮಾತ್ರ ಅವರ ಗಂಟಿಕ್ಕಿದ ಹುಬ್ಬಿನ ಕೆಳಗೆ ತಪ್ಪದೆ ಬಂದಿತು, ಎಲ್ಲರೂ ನೋಡಲೇಬೇಕಾದ, ಎಲ್ಲರೂ ತೊಡಲೇಬೇಕಾದ ಸರಕುಗಳೊಂದಿಗೆ. ಅವರು ಕೆಲಸ ಬಿಟ್ಟರು. ಬಿಟ್ಟದ್ದು ಓದುಗರಿಗೆ ಗೊತ್ತಾಗಲಿಲ್ಲ.

ಆ ತಿಂಗಳ ಕೊನೆಯಲ್ಲಿ, ಒಂದು ಪೀಠೋಪಕರಣದ ಅಂಗಡಿಯ ಮಹಡಿಯ ಮೇಲಿನ ಸಭಾಂಗಣದಲ್ಲಿ ಹುಡುಗಿಯ ಹಾಡು. ನಾನು ಬೇಡಕ್ಕನ ಪಕ್ಕದ ಕುರ್ಚಿಯಲ್ಲಿದ್ದೆ. ಎರಡು ಸಾಲು ಮುಂದೆ ತಂಗಿ ಕೂತಿದ್ದಳು, ಹಿಂದಿರುಗಿ ನೋಡದಂತೆ ಕತ್ತು ಬಿಗಿಹಿಡಿದು. ಹುಡುಗಿ ಗಿಟಾರು ಎತ್ತಿಕೊಳ್ಳುವ ಮೊದಲೇ ಜನ ಆ ಮೊದಲ ಹಾಡಿಗಾಗಿ ಕೂಗಿದರು, ಚಪ್ಪಾಳೆ ತಟ್ಟಿದರು, ಕಾಲಿನಿಂದ ನೆಲ ಗುದ್ದಿದರು. ಹುಡುಗಿಯ ಕೈ ತಂತಿಯ ಮೇಲೆ ನಿಂತೇಹೋಯಿತು. ಆಗ ಬೇಡಕ್ಕ ಎದ್ದರು.

"ಅದು ಬೇಡ," ಎಂದರು, ಇಡೀ ಸಭಾಂಗಣಕ್ಕೆ ಕೇಳುವಂತೆ. "ಅದನ್ನ ನಾನು ಶಿಫಾರಸು ಮಾಡಿಲ್ಲ. ಪತ್ರಿಕೆಯಲ್ಲಿ ಬಂದದ್ದು ಸುಳ್ಳು. ಇವಳದೊಂದು ಹೊಸ ಹಾಡಿದೆ. ಕಾಲು ಉರೀತಿದ್ರೂ ನಗ್ತಾ ನಿಂತು ಅಭ್ಯಾಸ ಇರೋರು ಕೂತ್ಕೊಳ್ಳಿ. ಉಳಿದೋರು ಕೆಳಗೆ ಹೋಗಿ ಟೀ ಕುಡೀರಿ."

ಕೆಲವರು ನಕ್ಕರು. ಅನೇಕರು ನಿಜಕ್ಕೂ ಎದ್ದು ಹೋದರು. ಕುರ್ಚಿ ಸರಿಯುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಹುಡುಗಿ ಕೂತವರಿಗೆ ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಒಡೆಯಬೇಕಾದಲ್ಲೇ ಒಡೆಯಿತು. ಆಗ ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಪಕ್ಕದವನಿಗೆ ಹೇಳಿದ: "ಆ ಹೆಂಗಸು ಇವಳ ದೊಡ್ಡಮ್ಮ ಕಣೋ. ಮೊನ್ನೆ ಮೊನ್ನೆ ಅದನ್ನ ಹೊಗಳಿದ್ಲು, ಇವತ್ತು ಇದನ್ನ. ಮನೆ ಹುಡುಗಿ, ಹೊಗಳದೆ ಇನ್ನೇನು ಮಾಡ್ತಾಳೆ?" ಬೇಡಕ್ಕನಿಗೂ ಕೇಳಿಸಿತು. ತಿರುಗಿ ಬೀಳುತ್ತಾರೆಂದು ಕಾದೆ. ಅವರು ಕೋಟಿನ ತೋಳನ್ನು ಇನ್ನೊಂದು ಮಡಿಕೆ ಮಡಿಚಿ, ವೇದಿಕೆಯನ್ನೇ ನೋಡುತ್ತ ಕೂತರು.

ಇಂಥವರು ಬದುಕಿನಲ್ಲಿ ಹಿತವೆನಿಸುವುದು ಅಪರೂಪ. ಹುಟ್ಟುಹಬ್ಬಕ್ಕೆ ಅವರನ್ನು ಕರೆಯಲು ಹೆದರುತ್ತೇವೆ, ಹೊಸ ಬಟ್ಟೆ ತೊಟ್ಟಾಗ ಬೇರೆ ಮೆಟ್ಟಿಲು ಹಿಡಿಯುತ್ತೇವೆ, ಅವರ ಬೆನ್ನ ಹಿಂದೆ ಆಡಬಾರದ್ದನ್ನೆಲ್ಲ ಆಡುತ್ತೇವೆ. ಆದರೂ ಯಾವುದನ್ನು ನೆಚ್ಚಬೇಕೆಂದು ತಿಳಿಯದೆ ಕೈಚೆಲ್ಲಿದ ದಿನ ಹೋಗಿ ನಿಲ್ಲುವುದು ಅವರ ಬಾಗಿಲಲ್ಲೇ. ಅವರ ಹೆಸರಿನಲ್ಲಿ ಸುಳ್ಳು ಹೇಳಿದವರಿಗೆ ಹೆಚ್ಚೆಂದರೆ ನಾಲ್ಕು ಜಾಕೆಟ್ಟು ಮಾರಾಟವಾಗುತ್ತವೆ. ನಾವು ಕಳೆದುಕೊಳ್ಳುವುದು ನಂಬುವ ಶಕ್ತಿಯನ್ನೇ: ನಾಳೆ ಯಾವ ಕೋಣೆಯಲ್ಲೋ ಯಾವ ಹುಡುಗಿಯೋ ಕಡೆಗೂ ತನ್ನ ಸ್ವಂತ ಗಂಟಲಿನಲ್ಲಿ ಹಾಡಿದಾಗ, ಅದನ್ನು ಕೇಳಿ ಎಂದು ಯಾರು ಬಂದು ಹೇಳಿದರೂ, ಇವರಿಗೆ ಎಷ್ಟು ಕೊಟ್ಟಿದ್ದಾರೋ ಎಂದುಕೊಂಡು ಎದ್ದು ಹೋಗುತ್ತೇವೆ.